ಒಂದೇ ಕಟ್ಟಿನಲ್ಲಿ ಎರಡು ಪಕ್ಷ

ಚುನಾವಣೆ ಹತ್ತಿರ ಬಂತೆಂದರೆ ಕೆಲವು ಮನೆಗಳಲ್ಲಿ ಅಡುಗೆಗೆ ಉಪ್ಪನ್ನೂ ಪಕ್ಷ ನೋಡಿ ಹಾಕುತ್ತಾರೆ. ನಮ್ಮ ಬೀದಿಯ ಗಂಟಕ್ಕನ ಮನೆ ಅಂಥದ್ದು. ಅವಳ ಮಾವ ನಲವತ್ತು ವರ್ಷದಿಂದ ಹಳದಿ ಪಕ್ಷದ ಬಾವುಟ ಹೊತ್ತವರು. ಚಿಕ್ಕವರು ದೊಡ್ಡವರೆಲ್ಲ ಅವರನ್ನು ಬಾವುಟದ ತಾತ ಎಂದೇ ಕರೆಯುತ್ತಾರೆ. ಅವಳ ಗಂಡ ನಲ್ಲಿ ರಿಪೇರಿ ಮಾಡುವವನು. ಅಪ್ಪನಿಗೆ ಎದುರಾಡಬೇಕೆಂಬ ಒಂದೇ ಹಟಕ್ಕೆ ನೇರಳೆ ಪಕ್ಷ ಸೇರಿದವನು. ಮತದಾನಕ್ಕೆ ಇನ್ನೂ ತಿಂಗಳಿರುವಾಗಲೇ ಅಪ್ಪ ಮಗನಿಗೆ ಮಾತು ನಿಂತುಹೋಗುತ್ತದೆ.

"ನಿನ್ನ ಗಂಡನಿಗೆ ಹೇಳಮ್ಮ, ಬಚ್ಚಲ ನಲ್ಲಿ ಸೋರ್ತಾ ಇದೆ."

"ನಿನ್ನ ಮಾವನಿಗೆ ಹೇಳೇ, ಹಳದಿಯವರು ಗೆದ್ದ ಮೇಲೆ ಅವರ ಹತ್ರಾನೇ ಸರಿ ಮಾಡಿಸ್ಕೊಳ್ಳಲಿ."

ಇಬ್ಬರೂ ಕೂತಿರುವುದು ಒಂದೇ ಬೆಂಚಿನ ಮೇಲೆ. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥವರು ಇರಬಹುದು.

ನಾನು ಕೆಲಸದಿಂದ ನಿವೃತ್ತಳಾದ ಟೀಚರು. ಈ ಕಥೆಯನ್ನು ನಾನೇ ಹೇಳುವುದಕ್ಕೆ ಕಾರಣವಿದೆ. ತಾತನ ಎರಡೂ ಕಿಡ್ನಿ ಕೆಟ್ಟಿವೆ, ನನ್ನವೂ ಕೆಟ್ಟಿವೆ. ವಾರಕ್ಕೆ ಎರಡು ದಿನ ನಗರಸಭೆ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್ ಆಗಬೇಕು. ನಮ್ಮ ರಕ್ತ ಯಂತ್ರದೊಳಗೆ ಹೋಗಿ ಶುದ್ಧವಾಗಿ ಬರಬೇಕು. ಅಲ್ಲಿರುವುದು ನಾಲ್ಕೇ ಯಂತ್ರ, ರೋಗಿಗಳು ಹದಿನಾಲ್ಕು ಜನ. ಅಲ್ಲಿ ನಾವು ಹಣ ಕೊಡಬೇಕಾಗಿಲ್ಲ. ಆ ಯಂತ್ರ ನಿಂತರೆ ನಮ್ಮಲ್ಲಿ ಹೆಚ್ಚಿನವರು ಎರಡು ಮೂರು ವಾರ ಕಂಡರೆ ಹೆಚ್ಚು.

ಗಂಟಕ್ಕ ಕೆಲಸ ಮಾಡುತ್ತಿದ್ದದ್ದು ಊರಿನ ದೊಡ್ಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಅಚ್ಚಾಗಿ ಬಂದ ಮಾಲಿಗೆ ಕಂದು ಕಾಗದ ಸುತ್ತಿ ಹುರಿಯಿಂದ ಕಟ್ಟು ಕಟ್ಟುವುದು ಅವಳ ಕೆಲಸ. ಅವಳು ಹಾಕಿದ್ದು ಬ್ರಹ್ಮಗಂಟು, ಹಲ್ಲಿನಿಂದಲೂ ಬಿಚ್ಚಲಾಗದು. ಅದಕ್ಕೇ ಆ ಹೆಸರು. ಪ್ರೆಸ್ಸಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಜಾಬ್ ಕಾರ್ಡು ಇರುತ್ತದೆ. ಏನು ಅಚ್ಚು ಹಾಕಬೇಕು ಎನ್ನುವುದು ಕಾರ್ಡಿನ ಮೇಲಿನ ಅರ್ಧದಲ್ಲಿ. ಕೆಲಸದ ಹೆಸರು, ಎಲ್ಲಿಗೆ ಕಳಿಸಬೇಕು, ಕೆಲಸ ಕೊಟ್ಟವರು ಯಾರು, ಅವರ ಸಹಿ, ಇವು ಕೆಳಗಿನ ಅರ್ಧದಲ್ಲಿ. ಕಟ್ಟು ಕಟ್ಟಿದವರು ಆ ಕೆಳಗಿನ ಅರ್ಧ ಹರಿದು ತಮ್ಮ ಹತ್ತಿರ ಇಟ್ಟುಕೊಳ್ಳಬೇಕು. ಹೊಸದಾಗಿ ಸೇರಿದವರಿಗೆ ಯಜಮಾನರು ಹೇಳಿಕೊಡುವ ಪಾಠ ಒಂದೇ: "ಚಿತ್ರ ನೋಡಬೇಡಿ, ಕಾರ್ಡು ನೋಡಿ. ಒಂದೇ ವಿಳಾಸಕ್ಕೆ ಹೋಗೋ ಮಾಲು ಒಂದೇ ಕಟ್ಟು."

ಗಂಟಕ್ಕ ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದಳು. ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಒಂದು ಮಂಗಳವಾರ ಬೆಳಿಗ್ಗೆ ಹಳದಿ ಪಕ್ಷದ ಕಚೇರಿಗೆ ಪೋಸ್ಟರಿನ ಕಟ್ಟುಗಳು ಬಂದವು. ಮೊದಲ ಕಟ್ಟು ಬಿಚ್ಚುವ ಗೌರವ ಯಾವಾಗಲೂ ಬಾವುಟದ ತಾತನದು. ಹುರಿ ಕತ್ತರಿಸಿದರು. ಮೇಲೆ ಹಳದಿ ಅಭ್ಯರ್ಥಿಯ ನಗುಮುಖ. ಜನ ಚಪ್ಪಾಳೆ ತಟ್ಟಿದರು. ಅರ್ಧ ಕಟ್ಟು ಹಂಚುವಷ್ಟರಲ್ಲಿ ಕೆಳಗಿನಿಂದ ನೇರಳೆ ಅಭ್ಯರ್ಥಿಯ ನಗುಮುಖ ಎದ್ದು ಬಂತು. ಎರಡನೇ ಕಟ್ಟು ಬಿಚ್ಚಿದರೆ ಅದರಲ್ಲೂ ಅದೇ. ಅದೇ ಹೊತ್ತಿಗೆ ನೇರಳೆಯವರ ಕಚೇರಿಯಲ್ಲೂ ಅದೇ ರಂಪ.

"ತಾತಾ, ಇದನ್ನ ಕಟ್ಟಿದ್ದು ನಿಮ್ಮ ಸೊಸೆ ಅಲ್ವಾ? ಅವರ ಹತ್ರ ಏನಾದ್ರೂ ತಗೊಂಡಿದ್ದಾಳೇನೋ ಕೇಳಿ," ಎಂದು ಯಾರೋ ಅಂದರು. ನಲವತ್ತು ವರ್ಷದಲ್ಲಿ ತಾತ ಮೊದಲ ಸಲ ತಲೆ ತಗ್ಗಿಸಿ ಮನೆಗೆ ಬಂದರು.

ಮಧ್ಯಾಹ್ನ ಯಜಮಾನರು ಗಂಟಕ್ಕನನ್ನು ಒಳಗೆ ಕರೆದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ.

"ಓದಿ ಸಹಿ ಹಾಕಮ್ಮ. ಎರಡು ಬೇರೆ ಬೇರೆ ಗಿರಾಕಿಗಳ ಮಾಲನ್ನ ನಾನು ಅಜಾಗರೂಕತೆಯಿಂದ ಬೆರೆಸಿದೆ ಅಂತ, ಅಷ್ಟೆ. ನಿನ್ನ ಕೆಲಸಕ್ಕೇನೂ ಆಗಲ್ಲ."

"ಬೇರೆ ಬೇರೆ ಗಿರಾಕಿ ಎಲ್ಲಿ ಸಾರ್? ಎರಡು ಕಾರ್ಡಲ್ಲೂ ವಿಳಾಸ ಒಂದೇ. ಎರಡರ ಮೇಲೂ ಸಹಿ ದಾನಿಗಳ ಮ್ಯಾನೇಜರ್‌ದು."

ಯಜಮಾನರು ಬಾಗಿಲು ಮುಚ್ಚಿದರು. ಈ ಊರಿನಲ್ಲಿ ದಾನಿಗಳು ಎಂದರೆ ಒಬ್ಬರೇ. ಬಸ್‌ಸ್ಟಾಪಿನ ಬೆಂಚು, ಶಾಲೆಯ ಗೇಟು, ನೀರಿನ ಟ್ಯಾಂಕು, ಎಲ್ಲದರ ಮೇಲೂ ಅವರದೇ ಹೆಸರು. ಮುಖ್ಯರಸ್ತೆಯಲ್ಲಿರುವ ಐದು ಅಂತಸ್ತಿನ ಖಾಸಗಿ ಆಸ್ಪತ್ರೆಯೂ ಅವರದೇ. ಅವರ ಮ್ಯಾನೇಜರು ಕಟ್ಟುಗಳನ್ನು ಬಿಚ್ಚಿ ನೋಡದೆ ಅರ್ಧ ಹಳದಿಯವರಿಗೆ, ಅರ್ಧ ನೇರಳೆಯವರಿಗೆ ಕಳಿಸಿಬಿಟ್ಟಿದ್ದ.

"ಅದನ್ನೆಲ್ಲ ಹೊರಗೆ ಬಾಯಿ ಬಿಡಬೇಡ," ಎಂದರು ಯಜಮಾನರು. "ಅವರ ಆಸ್ಪತ್ರೆ ಕೆಲಸ ನಿಂತರೆ ಇಲ್ಲಿ ಎಂಟು ಜನ ಮನೆಗೆ ಹೋಗ್ತೀರಿ. ನಾಳೆ ಮಧ್ಯಾಹ್ನದೊಳಗೆ ಸಹಿ ಹಾಕು. ನಿನ್ನ ಹತ್ರ ಇರೋ ಕಾರ್ಡಿನ ಆ ಎರಡು ಚೂರೂ ತಂದುಕೊಡು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅವರಿಗೆ ಬೇಕಾದದ್ದು ಅದು. ಮುರಿಯಬೇಕಾದವಳು ಮಾತ್ರ ಗಂಟಕ್ಕ.

ಸಂಜೆ ಮನೆಯಲ್ಲಿ ತಾತ ಊಟದ ತಟ್ಟೆ ಮುಟ್ಟಲಿಲ್ಲ. ಗಂಟಕ್ಕ ನಡೆದದ್ದನ್ನೆಲ್ಲ ಹೇಳಿದಳು.

"ಸುಳ್ಳು! ನಮ್ಮ ಕ್ಯಾಂಡಿಡೇಟ್ ಹುಡುಗ ಅಂಥವನಲ್ಲ. ಅವನನ್ನ ಚಡ್ಡಿ ಹಾಕೋ ವಯಸ್ಸಿಂದ ನೋಡಿದ್ದೀನಿ. ಇದು ನೇರಳೆಯವರ ಕುತಂತ್ರ," ಎಂದರು ತಾತ.

"ಕುತಂತ್ರ ಮಾಡೋಕೆ ನಿಮ್ಮವರೇ ಸಾಕು ಅಂತ ಹೇಳೇ," ಎಂದ ಮಗ.

"ಆಯ್ತು, ದಾನಿಗಳೇ ಕೊಟ್ಟಿರಲಿ. ಕೊಡೋ ಕೈ, ಕೊಟ್ಟರು. ಅದರಲ್ಲಿ ತಪ್ಪೇನು? ಅವರ ಬೆಂಚಿನ ಮೇಲೆ ಕೂತು ಅವರನ್ನೇ ಅನ್ನೋದಾ? ಉಂಡ ಮನೆಯ ಜಂತೆ ಎಣಿಸಬಾರದು ಕಣಮ್ಮ. ಸಹಿ ಹಾಕಿ ಮುಗಿಸು. ನನ್ನ ಮರ್ಯಾದೆ ಉಳೀಲಿ."

"ಕೆಲಸ ಉಳೀಲಿ," ಎಂದ ಗಂಡ. ಹಲವು ವಾರಗಳಲ್ಲಿ ಅಪ್ಪ ಮಗ ಒಪ್ಪಿದ ಮೊದಲ ಮಾತು ಅದು.

ಗಂಟಕ್ಕ ತಟ್ಟೆಗಳನ್ನು ಎತ್ತಿದಳು. ಸಹಿ ಹಾಕಿದರೆ ತಾನು ಸುಳ್ಳಿ, ಹಾಕದಿದ್ದರೆ ಮನೆಗೆ ಬರುವ ಸಂಬಳವಿಲ್ಲ. ಆ ಎರಡು ಚೂರುಗಳನ್ನು ರವಿಕೆಯೊಳಗೆ ಇಟ್ಟುಕೊಂಡೇ ಮಲಗಿದಳು.

ಬುಧವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆ. ತಾತ ಒಂದನೇ ಯಂತ್ರ, ನಾನು ಎರಡನೆಯದು. ಮೂರರಲ್ಲಿ ಬಸ್ ಕಂಡಕ್ಟರ್. ನಾಲ್ಕರಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ. ಎರಡು ವರ್ಷದ ಮಗುವನ್ನು ತಾಯಿಯ ಹತ್ತಿರ ಬಿಟ್ಟು ಬರುತ್ತಾಳೆ. ನಮ್ಮನ್ನು ನೋಡಿಕೊಳ್ಳುವ ಸಿಸ್ಟರ್ ಆವತ್ತು ಸೂಜಿ ಚುಚ್ಚುವಾಗಲೂ ಮಾತಾಡಲಿಲ್ಲ. ನಾಲ್ಕೂ ಯಂತ್ರ ಓಡಲು ಶುರುವಾದ ಮೇಲೆ ಬಾಗಿಲ ಹತ್ತಿರ ನಿಂತಳು.

"ಹೊರಗಿನ ನೋಟಿಸ್ ಬೋರ್ಡು ಯಾರಾದರೂ ಓದಿದ್ರಾ?"

ಯಾರು ಓದುತ್ತಾರೆ? ಆ ಬೋರ್ಡು ಇರುವುದು ಕಸದ ಡಬ್ಬಿಯ ಹಿಂದೆ.

"ಈ ಡಯಾಲಿಸಿಸ್ ವಿಭಾಗವನ್ನ ನಗರಸಭೆ ದಾನಿಗಳ ಆಸ್ಪತ್ರೆಗೆ ವಹಿಸಿಕೊಡ್ತಾ ಇದೆ. ಯಂತ್ರಗಳು ಅಲ್ಲಿಗೆ ಹೋಗ್ತವೆ. ಬಡವರಿಗೆ ಚಿಕಿತ್ಸೆ, ಅವಕಾಶ ಇದ್ದರೆ, ಉಚಿತ ಅಂತ ಬರೆದಿದ್ದಾರೆ. ಅವಕಾಶ ಇದೆಯೋ ಇಲ್ವೋ ಅಂತ ಹೇಳೋರು ಅವರೇ. ಆಕ್ಷೇಪ ಇದ್ದರೆ ಬರೆದುಕೊಡೋಕೆ ಹದಿನೈದು ದಿನ ಕೊಟ್ಟಿದ್ರು. ನಾನೇ ಇದನ್ನ ನಿನ್ನೆ ನೋಡಿದೆ. ಇವತ್ತು ಸಂಜೆ ಐದಕ್ಕೆ ಕೊನೆ."

ಹೆದರಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

"ನಮ್ಮ ಹಳದಿಯವರು ಬಿಡಲ್ಲ," ಎಂದರು ತಾತ.

"ತಾತಾ, ಇದರ ಬಗ್ಗೆ ನಗರಸಭೆಯಲ್ಲಿ ನಡೆದ ಮೊದಲ ಸಭೆಯಲ್ಲಿ ಹಳದಿಯವರೂ ನೇರಳೆಯವರೂ ಒಟ್ಟಿಗೆ ಕೈ ಎತ್ತಿದ್ದಾರೆ. ಒಬ್ಬರೂ ಬೇಡ ಅಂದಿಲ್ಲ. ರಸ್ತೆಗುಂಡಿ ಮುಚ್ಚೋ ವಿಷಯಕ್ಕೂ ಕಿತ್ತಾಡೋರು ಇದೊಂದಕ್ಕೆ ಹೇಗೆ ಒಂದಾದ್ರು ಅಂತ ನನಗೂ ಅರ್ಥ ಆಗ್ಲಿಲ್ಲ."

ತಾತನ ಪಕ್ಕದಲ್ಲಿ ಕೂತಿದ್ದ ಗಂಟಕ್ಕ ಎದ್ದು ನಿಂತಳು. ಆ ಎರಡು ಚೂರುಗಳನ್ನು ತೆಗೆದು ಮಾವನ ಎದೆಯ ಮೇಲಿಟ್ಟಳು. "ನನಗೆ ಅರ್ಥ ಆಯ್ತು ಸಿಸ್ಟರ್. ಎರಡೂ ಪಕ್ಷದ ಪೋಸ್ಟರಿಗೆ ಹಣ ಕೊಟ್ಟಿರೋದು ದಾನಿಗಳೇ," ಎಂದಳು.

ತಾತ ಸಿಟ್ಟಿನಿಂದ ಮುಖ ತಿರುಗಿಸಿದರು. ಎದ್ದು ಹೋಗೋಣವೆಂದರೆ ರಕ್ತವೆಲ್ಲ ಯಂತ್ರದಲ್ಲಿದೆ. ನಲವತ್ತು ವರ್ಷದಲ್ಲಿ ಯಾರ ಮಾತನ್ನೂ ಪೂರ್ತಿ ಕೇಳದ ಮನುಷ್ಯ ಆವತ್ತು ಕೇಳಲೇಬೇಕಾಯಿತು.

"ಪಕ್ಷಕ್ಕೆ ಹಣ ಕೊಡೋದು ತಪ್ಪಾ ಸಿಸ್ಟರ್?" ಕಂಡಕ್ಟರ್ ಕೇಳಿದ.

"ತಪ್ಪಲ್ಲಪ್ಪ. ನೀನೂ ಕೊಡಬಹುದು, ನಾನೂ ಕೊಡಬಹುದು. ಎಲ್ಲರಿಗೂ ಕಾಣೋ ಹಾಗೆ ಕೊಟ್ಟರೆ ಅದು ಬೆಂಬಲ. ಮುಚ್ಚಿಟ್ಟು, ಎರಡು ಕಡೆಗೂ ಕೊಟ್ಟರೆ? ಯಾರು ಗೆದ್ದರೂ ಅವನೇ ಗೆದ್ದ ಹಾಗೆ. ನಾವು ಹಳದಿ ನೇರಳೆ ಅಂತ ಹೊಡೆದಾಡ್ತಾ ಇರ್ತೀವಿ, ಅಲ್ಲಿ ಕಾಗದದ ಮೇಲೆ ಆಸ್ಪತ್ರೆ ಕೈ ಬದಲಾಗಿರುತ್ತೆ. ನಾನು ಯಾರಿಗೆ ವೋಟು ಹಾಕಿ ಅಂತ ಹೇಳಲ್ಲ, ನಾನು ಹೇಳಲೂಬಾರದು. ಹಣ ಯಾರದ್ದು, ಅದಾದ ಮೇಲೆ ಯಾವ ನಿಯಮ ಬದಲಾಯ್ತು, ಇವೆರಡನ್ನ ಜೋಡಿಸಿ ನೋಡಿ ಅಂತಿದ್ದೀನಿ."

ದುಡ್ಡೇ ದೊಡ್ಡಪ್ಪ ಎಂದು ಗಾದೆ ಹೇಳಿ ಸುಮ್ಮನಾಗುವವರು ಬಹಳ ಜನ. ಆ ದೊಡ್ಡಪ್ಪ ನಮ್ಮ ಮಂಚದ ಹತ್ತಿರಕ್ಕೇ ಬಂದು ನಿಂತಾಗ ಮಾತ್ರ ಗಾದೆ ಸಾಲದು.

ತಾತ ಸೂಜಿಯಿಲ್ಲದ ಕೈಯಿಂದ ಚೂರುಗಳನ್ನು ಕಣ್ಣಿನ ಹತ್ತಿರ ತಂದರು. ಒಂದು ಹಳದಿ ಪೋಸ್ಟರಿನದು, ಇನ್ನೊಂದು ನೇರಳೆಯದು. ಒಂದೇ ವಿಳಾಸ. ಒಂದೇ ಸಹಿ. ಬಹಳ ಹೊತ್ತು ನೋಡಿದರು.

"ಫೋನು ಕೊಡಮ್ಮ. ನಮ್ಮ ಹುಡುಗನ್ನೇ ಕೇಳ್ತೀನಿ."

ಈಗಲೂ ನಗರಸಭೆ ಸದಸ್ಯನಾಗಿರುವ ಹಳದಿ ಅಭ್ಯರ್ಥಿಗೆ ಫೋನು ಹೋಯಿತು. ತಾತನಿಗೆ ಕಿವಿ ಮಂದ, ಫೋನು ಯಾವಾಗಲೂ ಸ್ಪೀಕರಿನಲ್ಲೇ. ನಾಲ್ಕೂ ಹಾಸಿಗೆಗೆ ಕೇಳಿಸಿತು.

"ಏನಪ್ಪಾ, ಡಯಾಲಿಸಿಸ್ ಯಂತ್ರ ದಾನಿಗಳಿಗೆ ಕೊಡ್ತಾ ಇದ್ದೀರಂತೆ, ನಿಜಾನಾ?"

"ಅಯ್ಯೋ ತಾತ, ಅದು ಆಗಲೇ ಆಗಿಹೋಗಿರೋ ಮಾತು. ನೀವ್ಯಾಕೆ ತಲೆ ಕೆಡಿಸ್ಕೋತೀರಿ?" ಎಂದು ಆ ಕಡೆಯ ದನಿ ನಕ್ಕಿತು. "ನೀವು ನಮ್ಮ ಮನೆಯವರಿದ್ದ ಹಾಗೆ. ನಿಮಗೊಬ್ಬರಿಗೆ ಅಲ್ಲಿ ಜಾಗ ಇಡಿಸ್ತೀನಿ, ಫ್ರೀ ಆಗಿ. ನಾನೇ ದಾನಿಗಳ ಹತ್ರ ಮಾತಾಡ್ತೀನಿ. ಆದರೆ ಆ ಪೋಸ್ಟರ್ ವಿಷಯ ಸೊಸೆಗೆ ಸ್ವಲ್ಪ ಬುದ್ಧಿ ಹೇಳಿ, ಆಯ್ತಾ?"

ನಾನು ತಾತನ ಮುಖವನ್ನೇ ನೋಡುತ್ತಿದ್ದೆ. ಸತ್ಯ ಹೇಳುತ್ತೇನೆ, ಆ ಜಾಗವನ್ನು ನನಗೆ ಕೊಡುತ್ತೇನೆ ಎಂದಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಜೀವ ಯಾರಿಗೆ ಬೇಡ? ನಾಲ್ಕನೇ ಹಾಸಿಗೆಯ ಹುಡುಗಿ ತಾತನನ್ನು ನೋಡಿದಳು, ಆಮೇಲೆ ಗೋಡೆಯ ಕಡೆಗೆ ತಿರುಗಿದಳು.

"ನನಗೊಬ್ಬನಿಗಾ?" ಕೊನೆಗೆ ತಾತ ಕೇಳಿದರು.

"ನಿಮಗೊಬ್ಬರಿಗೆ, ಖಂಡಿತ."

"ಮಿಕ್ಕ ಹದಿಮೂರು ಜನ?"

"ಎಲ್ಲರಿಗೂ ಮಾಡೋಕಾಗುತ್ತಾ ತಾತ?"

ತಾತ ಫೋನು ಕಟ್ ಮಾಡಿದರು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು, ಒರೆಸಿಕೊಳ್ಳಲಿಲ್ಲ. ಅಷ್ಟರಲ್ಲಿ ಅಪ್ಪನನ್ನು ಕರೆದೊಯ್ಯಲು ಬಂದಿದ್ದ ಮಗ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅಣಕಿಸುತ್ತಾನೆ ಎಂದುಕೊಂಡೆ. ಅವನು ಹೊರಗೆ ಹೋಗಿ ತನ್ನ ನೇರಳೆ ನಾಯಕನಿಗೆ ಫೋನು ಮಾಡಿ ಬಂದ. ಮುಖ ಸುಟ್ಟಂತಾಗಿತ್ತು.

"ನಮ್ಮೋನೂ ಅದೇ ಅಂದ," ಎಂದ. "ಅಪ್ಪನಿಗೆ ಒಂದು ಜಾಗ ಇಡಿಸ್ತೀನಿ, ಸುಮ್ನಿರು ಅಂದ."

"ಸಹಿ ಹಾಕಬೇಡ ಕಣಮ್ಮ," ಎಂದರು ತಾತ ಸೊಸೆಗೆ. "ನಾನು ಅಂದಿದ್ದು ತಪ್ಪಾಯ್ತು."

ಗಂಟಕ್ಕ ಪ್ರೆಸ್ಸಿಗೆ ಹೊರಟಳು. ಹೊರಡುವ ಮೊದಲು ಸಿಸ್ಟರ್ ಅವಳ ಕೈ ಹಿಡಿದು, "ಆ ಚೂರುಗಳ ನಕಲು ಮಾಡಿಸು. ಅಸಲು ಯಾರ ಕೈಗೂ ಕೊಡಬೇಡ," ಎಂದಳು.

ಪ್ರೆಸ್ಸಿನಲ್ಲಿ ಯಜಮಾನರು ಪೆನ್ನು ಹಿಡಿದೇ ಕಾಯುತ್ತಿದ್ದರು. ದಾನಿಗಳ ಮ್ಯಾನೇಜರೂ ಅಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಯಂತ್ರದವರು, ಕಟಿಂಗಿನವರು ಎಲ್ಲ ಕೆಲಸ ನಿಲ್ಲಿಸಿ ಇವಳನ್ನೇ ನೋಡುತ್ತಿದ್ದರು.

"ನಾನು ಹಾಕಲ್ಲ ಸಾರ್. ಕಾರ್ಡು ನೋಡಿ ಕಟ್ಟು ಅಂತ ಹೇಳಿಕೊಟ್ಟಿದ್ದೇ ನೀವು. ಕಾರ್ಡಲ್ಲಿದ್ದ ಹಾಗೇ ಕಟ್ಟಿದ್ದೀನಿ."

"ಚೂರುಗಳು ಎಲ್ಲಿ?" ಎಂದು ಮ್ಯಾನೇಜರ್ ಎದ್ದ.

"ಅದು ನನ್ನ ಭಾಗ. ಕಟ್ಟಿದವರ ಹತ್ರ ಇರಬೇಕು ಅನ್ನೋದು ಇಲ್ಲಿಯ ರೂಢಿ."

"ನಾಳೆಯಿಂದ ಬರಬೇಡ," ಎಂದರು ಯಜಮಾನರು, ಅವಳ ಮುಖ ನೋಡದೆ. ಒಂಬತ್ತು ವರ್ಷದ ಕೆಲಸ ಒಂದು ಮಾತಿಗೆ ಹೋಯಿತು. ಹೊರಗೆ ಬಂದು ಗೇಟು ಹಿಡಿದುಕೊಂಡು ಅತ್ತಳಂತೆ. ಆಮೇಲೆ ಜೆರಾಕ್ಸ್ ಅಂಗಡಿಗೆ ನಡೆದಳು.

ಇತ್ತ ನಾನು ಆಕ್ಷೇಪಣೆ ಬರೆದೆ. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವಳು ಅದನ್ನು ಮೂರು ಸಲ ತಿದ್ದಿದೆ. ಕಂಡಕ್ಟರ್ ಮನೆಮನೆಗೆ ಹೋಗಿ ಹದಿನಾಲ್ಕೂ ರೋಗಿಗಳ ಸಹಿ ತಂದ. ಗಂಟಕ್ಕ ಚೂರುಗಳ ನಕಲು ತಂದಳು. ಅವಳೊಡನೆ ನಾವು ಕೆಲವರು ನಗರಸಭೆ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಗುಮಾಸ್ತ ಕಿಟಕಿ ಎಳೆಯುತ್ತಿದ್ದ.

"ಸಾಹೇಬರು ಇಲ್ಲ. ನಾಳೆ ಬನ್ನಿ."

"ನಾಳೆ ಬಂದರೆ ಅವಧಿ ಮುಗೀತು ಅಂತೀರಿ," ಎಂದಳು ಗಂಟಕ್ಕ, ಕಿಟಕಿಯೊಳಗೆ ಕೈಯಿಟ್ಟು. "ಸಾಹೇಬರು ಬೇಡ. ಮೊಹರು ಹಾಕಿ, ಸಮಯ ಬರೆದು, ನಕಲಿನ ಮೇಲೆ ಸಹಿ ಮಾಡಿಕೊಡಿ, ಸಾಕು."

"ಕೈ ತೆಗೀರಮ್ಮ."

"ಮೊಹರು ಹಾಕಿ, ತೆಗೀತೀನಿ."

ಆ ಎಂಟು ನಿಮಿಷ ನನಗೆ ಎಂಟು ವರ್ಷ. ಗುಮಾಸ್ತ ಗಡಿಯಾರ ನೋಡಿದ, ನಮ್ಮೆಲ್ಲರ ಕೈಮೇಲಿನ ಬ್ಯಾಂಡೇಜು ನೋಡಿದ, ನಿಟ್ಟುಸಿರಿಟ್ಟು ಮೊಹರು ಒತ್ತಿದ. ನಾಲ್ಕು ಗಂಟೆ ಐವತ್ತೆಂಟು ನಿಮಿಷ.

ಸಮಯಕ್ಕೆ ಸರಿಯಾಗಿ ಬಂದ ಆಕ್ಷೇಪಣೆಯನ್ನು ತೆರೆದ ಸಭೆಯಲ್ಲಿ ಓದಲೇಬೇಕು. ಮುಂದಿನ ವಾರ ನಗರಸಭೆಯ ಸಭಾಂಗಣಕ್ಕೆ ಹದಿನಾಲ್ಕು ಜನವೂ ಹೋದೆವು. ಮಹಡಿ ಹತ್ತುವಾಗ ಮಗ, "ಅಪ್ಪಾ, ನನ್ನ ಭುಜ ಹಿಡ್ಕೋ, ಮೆಟ್ಟಿಲು ಎತ್ತರ ಇದೆ," ಎಂದ. ತಾತ ಹಿಡಿದುಕೊಂಡರು.

ಆಕ್ಷೇಪಣೆ ಓದಿದರು. ಎರಡು ಚೂರುಗಳ ನಕಲು ಕೈಯಿಂದ ಕೈಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಎರಡೂ ಪಕ್ಷದವರು ಒಟ್ಟಿಗೆ ಎದ್ದು, "ಇದು ನಮ್ಮ ಮೇಲಿನ ಆರೋಪ, ಆಧಾರವಿಲ್ಲ," ಎಂದು ಕೂಗಿದರು. ತಾತ ಹಿಂದಿನ ಸಾಲಿನಿಂದ ನಿಧಾನವಾಗಿ ಎದ್ದರು.

"ಆರೋಪ ಮಾಡ್ತಿಲ್ಲ. ಕೇಳ್ತಾ ಇದ್ದೀನಿ. ನಿಮ್ಮ ಪೋಸ್ಟರಿಗೆ ಹಣ ಯಾರದ್ದು? ನಿಮ್ಮ ಎರಡೂ ಪಕ್ಷ ಬರೆದುಕೊಡಿ. ಇಲ್ಲಿ ಹದಿನಾಲ್ಕು ಜನ ನಿಂತಿದ್ದೀವಿ. ನಮ್ಮಲ್ಲಿ ಹಳದಿ ಯಾರು, ನೇರಳೆ ಯಾರು, ರಕ್ತ ನೋಡಿ ಹೇಳಿ. ಯಾರನ್ನ ಉಳಿಸ್ಕೋತೀರಿ, ಯಾರನ್ನ ಬಿಡ್ತೀರಿ, ಅದನ್ನೂ ಈಗಲೇ, ಎಲ್ಲರೆದುರಿಗೆ ಹೇಳಿಬಿಡಿ."

ಹಳದಿ ಅಭ್ಯರ್ಥಿ ಕಾಗದ ನೋಡುತ್ತ ಕೂತ. ಅಧ್ಯಕ್ಷರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಕೊನೆಗೆ, ನಿರ್ಣಯವನ್ನು ತಡೆಹಿಡಿಯಲಾಗಿದೆ, ಎರಡೂ ಪಕ್ಷಗಳು ಹಣದ ಮೂಲವನ್ನು ಬರಹದಲ್ಲಿ ತಿಳಿಸಬೇಕು ಎಂದರು.

ಗೆದ್ದುಬಿಟ್ಟೆವು ಎಂದು ನಾನು ಸುಳ್ಳು ಹೇಳುವುದಿಲ್ಲ. ತಡೆದಿದ್ದಾರೆ, ಕೈಬಿಟ್ಟಿಲ್ಲ. ಗಂಟಕ್ಕನಿಗೆ ಹಳೆಯ ಕೆಲಸ ಸಿಕ್ಕಿಲ್ಲ. ಒಂದು ಚಿಕ್ಕ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಾಳೆ, ಸಂಬಳ ಕಡಿಮೆ. ತಾತ ಈಗಲೂ ಹಳದಿ, ಮಗ ಈಗಲೂ ನೇರಳೆ. ಆದರೆ ತಂತಮ್ಮ ಪಕ್ಷದ ಸಭೆಗೆ ಹೋದರೆ ಇಬ್ಬರೂ ಮೊದಲು ಎದ್ದು ಕೇಳುವುದು ಒಂದೇ ಪ್ರಶ್ನೆ. ಪ್ರಶ್ನೆ ಬಂದಾಗಲೆಲ್ಲ ವೇದಿಕೆಯ ಮೇಲೆ ಯಾರಿಗೋ ಕೆಮ್ಮು ಬರುತ್ತದೆ.

ಈ ಕರಪತ್ರ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಪಕ್ಷ ಬಿಡಿ ಎಂದು ನಾನು ಹೇಳುತ್ತಿಲ್ಲ. ನಿಮ್ಮವರು ವೋಟು ಕೇಳಲು ಬಂದಾಗ ಒಳಗೆ ಕರೆಯಿರಿ, ಕೂರಿಸಿ, ನಿಮ್ಮ ಖರ್ಚಿಗೆ ಹಣ ಕೊಟ್ಟವರು ಯಾರು ಎಂದು ನಾಲ್ಕು ಜನರ ಮುಂದೆ ಕೇಳಿ. ಬೇಸರಪಟ್ಟರೆ ಪಡಲಿ. ಕಸದ ಡಬ್ಬಿ ಸರಿಸಿ ನೋಟಿಸ್ ಬೋರ್ಡು ಓದಿ. ಆಕ್ಷೇಪವಿದ್ದರೆ ಬಾಯಲ್ಲಿ ಹೇಳಿ ಬರಬೇಡಿ, ಬರೆದುಕೊಟ್ಟು ಮೊಹರು ಹಾಕಿಸಿಕೊಳ್ಳಿ, ಒಬ್ಬರೇ ಹೋಗಬೇಡಿ. "ನಿನಗೊಬ್ಬನಿಗೆ ಮಾಡಿಕೊಡ್ತೀನಿ" ಎಂದು ಯಾರಾದರೂ ಪ್ರೀತಿಯಿಂದ ಹೇಳಿದರೆ, ದಯವಿಟ್ಟು ಒಂದು ಕ್ಷಣ ನಿಂತು ಪಕ್ಕದ ಹಾಸಿಗೆ ನೋಡಿ. ಅಲ್ಲಿ ನಾನಿದ್ದೇನೆ.